ಅಲೆ ಜೋರಿದ್ದಾಗ ಡೆಕ್ ಮೇಲೆ ಓಡಾಡುವುದು ಹೇಗೆ?

ಪ್ರಶ್ನೆ: ಮುಂದಿನ ತಿಂಗಳು ಗೆಳೆಯರ 36 ಅಡಿ ಹಾಯಿದೋಣಿಯಲ್ಲಿ ಇಂಗ್ಲೆಂಡಿನ ಲಿಮಿಂಗ್ಟನ್‌ನಿಂದ ಫ್ರಾನ್ಸಿನ ಶೆರ್‌ಬೂರ್‌ಗೆ ಹೊರಟಿದ್ದೇನೆ. ಸುಮಾರು 60 ನಾಟಿಕಲ್ ಮೈಲಿ. ಹೋದ ಸಲ ಸಣ್ಣ ಅಲೆಗೇ ಮಾಸ್ಟ್ (ಹಾಯಿ ಕಟ್ಟುವ ಕಂಬ) ತನಕ ಹೋಗಲು ಕಾಲು ನಡುಗಿತ್ತು. ಅನುಭವ ಇದ್ದವರು ಹೇಳಿ.

ಉತ್ತರ 1: ಕಾಲು ನಡುಗಿದ್ದು ಒಳ್ಳೆಯದೇ. ನನಗೆ ನಡುಗಲಿಲ್ಲ, ಅದಕ್ಕೇ ಬಿದ್ದೆ. ನೀವು ಹೋಗುವ ದಾರಿಯಲ್ಲೇ ಸಿಗುವ ನೀಡಲ್ಸ್ ಬಂಡೆಗಳ ಹತ್ತಿರ ಇಳಿತದ ನೀರು ಪಶ್ಚಿಮಕ್ಕೆ ಓಡುತ್ತಿತ್ತು, ನೈಋತ್ಯದ ಗಾಳಿ ಎದುರಿಗೆ. ಹೀಗೆ ನೀರಿಗೂ ಗಾಳಿಗೂ ಜಗಳ ಬಿದ್ದರೆ ಅಲೆ ಗೋಡೆಯ ಹಾಗೆ ಏಳುತ್ತದೆ. ಹಾಯಿ ಚಿಕ್ಕದು ಮಾಡಲು ನೆಟ್ಟಗೆ ನಡೆದು ಹೋದೆ. ಒಂದೇ ಹೊಡೆತಕ್ಕೆ ಜಾರಿ ಅಂಚಿನ ತಂತಿಗೆ ಬಂದು ಬಿದ್ದೆ. ಆ ತಂತಿ ಇರುವುದು ಸುಮಾರು 60 ಸೆಂ.ಮೀ. ಎತ್ತರ, ಅಂದರೆ ತೊಡೆಯ ಮಟ್ಟ. ನಿಂತವರನ್ನು ಅದು ತಡೆಯುವುದಿಲ್ಲ, ಮಗುಚಿ ಹಾಕುತ್ತದೆ.

ಅವತ್ತಿನಿಂದ ನಾನು ಕುಂಡೆ ಊರಿ ತೆವಳಿಕೊಂಡೇ ಹೋಗುವುದು. ನೋಡಿದವರು ನಗಲಿ. ವಾಲಿದ ಕಡೆ ಹೋಗಬೇಡಿ, ಎತ್ತರದ ಕಡೆಯಿಂದಲೇ ಹೋಗಿ. ಜಾರಿದರೂ ದೋಣಿಯ ಒಳಕ್ಕೇ ಬೀಳುತ್ತೀರಿ. ಒಂದು ಕೈ ಕೆಲಸಕ್ಕೆ, ಒಂದು ಕೈ ಯಾವಾಗಲೂ ಹಿಡಿತಕ್ಕೆ. ದೊಡ್ಡ ಅಲೆ ಬರುತ್ತಿದ್ದರೆ ಕೂತಲ್ಲೇ ಕೂತಿರಿ. ಅದು ದಾಟಿದ ಮೇಲೆ ಮುಂದಕ್ಕೆ.

ಉತ್ತರ 2: ಮೇಲಿನವರು ಹಾರ್ನೆಸ್ (ಮೈಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ) ವಿಷಯ ಬಿಟ್ಟರು. ಒಳಗಿನಿಂದ ಹೊರಗೆ ಕಾಲಿಡುವ ಮೊದಲೇ ಟೆದರ್, ಅಂದರೆ ಹಾರ್ನೆಸ್ಸನ್ನು ದೋಣಿಗೆ ಸೇರಿಸುವ ಹಗ್ಗದ ಕ್ಲಿಪ್ ಹಾಕಿಕೊಳ್ಳಿ. ಬಹಳ ಜನ ಹತ್ತಿ ಬಂದು, ನಿಂತು, ಆಮೇಲೆ ಹಾಕುತ್ತಾರೆ. 2 ಮೀಟರ್ ಟೆದರ್ ಇದ್ದರೆ ನೀರಿಗೆ ಬೀಳುವಷ್ಟು ಸಡಿಲ ಇರುತ್ತದೆ. ಓಡುವ ದೋಣಿಯ ಪಕ್ಕ ನೀರಲ್ಲಿ ಎಳೆದಾಡಿಸಿಕೊಂಡರೆ ಹಗ್ಗ ಇದ್ದರೂ ಪ್ರಾಣ ಹೋಗಬಹುದು. ಹಾಗಾಗಿ 1 ಮೀಟರಿನದನ್ನೇ ಜಾಸ್ತಿ ಬಳಸಿ. ಕ್ಲಿಪ್ ಹಾಕಲು ಡೆಕ್ಕಿನ ಉದ್ದಕ್ಕೂ ಬಿಗಿದಿರುವ ಜಾಕ್‌ಸ್ಟೇ ಚಪ್ಪಟೆ ಪಟ್ಟಿಯದಾಗಿರಲಿ. ದುಂಡು ತಂತಿ ಕಾಲಡಿ ಉರುಳುತ್ತದೆ.

ಇನ್ನೊಂದು. 2017ರಲ್ಲಿ ಜಗತ್ತು ಸುತ್ತುವ ಕ್ಲಿಪ್ಪರ್ ಹಾಯಿದೋಣಿ ರೇಸಿನಲ್ಲಿ ದಕ್ಷಿಣ ಸಾಗರದಲ್ಲಿ ಒಬ್ಬರು ಕ್ಲಿಪ್ ಹಾಕಿಕೊಂಡೇ ನೀರಿಗೆ ಬಿದ್ದು ತೀರಿಕೊಂಡರು. ಟೆದರಿನ ಕೊಕ್ಕೆ ಡೆಕ್ಕಿನ ಕ್ಲೀಟ್ (ಹಗ್ಗ ಸುತ್ತುವ ಗೂಟ) ಅಡಿ ಸಿಕ್ಕಿ, ಅಡ್ಡ ಎಳೆತಕ್ಕೆ ಬಾಗಿ ಬಿಟ್ಟುಕೊಂಡಿತ್ತು. ಕ್ಲಿಪ್ ಎಲ್ಲಿ ಸಿಕ್ಕಬಹುದು ಅಂತ ಬಂದರಿನಲ್ಲೇ ಎಳೆದು ನೋಡಿ.

ಉತ್ತರ 3: ಮುಂದೆ ಹೋಗಲೇಬೇಕಾ ಅಂತ ಮೊದಲು ಕೇಳಿಕೊಳ್ಳಿ. ಹಾಯಿಯನ್ನು ಹೊರಡುವಾಗಲೇ ಚಿಕ್ಕದು ಮಾಡಿದ್ದರೆ ಅರ್ಧ ಓಡಾಟ ತಪ್ಪುತ್ತದೆ. ಹೋಗಲೇಬೇಕು ಅಂದರೆ ಚುಕ್ಕಾಣಿ ಹಿಡಿದವರಿಗೆ ಕೂಗಿ ಹೇಳಿ. ಅವರು ದೋಣಿಯನ್ನು ಸ್ವಲ್ಪ ಗಾಳಿಯ ಜೊತೆಗೆ ತಿರುಗಿಸಿದರೆ ಡೆಕ್ ಎಷ್ಟೋ ಶಾಂತವಾಗುತ್ತದೆ. ಆದರೆ ಆಗ ಬೂಮ್ (ಹಾಯಿಯ ಬುಡದ ಅಡ್ಡ ಕಂಬ) ತಟ್ಟನೆ ಆ ಕಡೆಯಿಂದ ಈ ಕಡೆಗೆ ಬೀಸಬಹುದು, ಅದನ್ನು ಹಗ್ಗದಲ್ಲಿ ಕಟ್ಟಿಸಿ, ತಲೆ ಕೆಳಗಿಟ್ಟುಕೊಳ್ಳಿ. ಗಂಡಸರಿಗೆ ಒಂದು ಮಾತು: ಹಿಂಬದಿಯಲ್ಲಿ ನಿಂತು ಮೂತ್ರ ಮಾಡಬೇಡಿ. ಒಳಗೆ ಟಾಯ್ಲೆಟ್ ಇದೆ, ಕೂತು ಮಾಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಮ್ಮ ದೋಣಿಯ ಜಾಕ್‌ಸ್ಟೇ ತಂತಿಯದೇ ಅನ್ನಿಸುತ್ತದೆ. ನಾಳೆಯೇ ಫೋನ್ ಮಾಡಿ ಕೇಳುತ್ತೇನೆ.