ಮಗನ ಸೈನ್ಸ್ ಪ್ರಾಜೆಕ್ಟ್‌ಗೆ ಎಷ್ಟು ಸಹಾಯ ಮಾಡಬೇಕು? ಅನುಭವ ಇದ್ದವರು ಹೇಳಿ

ಕೇಳಿದ ತಾಯಿ:
ಮಗ ಏಳನೇ ಕ್ಲಾಸು. ಶಾಲೆಯ ವಿಜ್ಞಾನ ಮೇಳಕ್ಕೆ ಇನ್ನು ಮೂರು ವಾರ ಇದೆ. ಜ್ವಾಲಾಮುಖಿ ಮಾಡೆಲ್ ಮಾಡಬೇಕು ಅಂತ ಅವನಿಗೆ ತುಂಬಾ ಆಸೆ. ಟೀಚರ್ ಮಾತ್ರ "ಮಾಡೆಲ್ ಬೇಡ, ಪ್ರಯೋಗ ಮಾಡು" ಅಂದಿದ್ದಾರಂತೆ. ಆಗಿನಿಂದ ಮುಖ ಸಪ್ಪಗಾಗಿದೆ. ನಾನು ವಿಜ್ಞಾನ ಓದಿದವಳಲ್ಲ. ನಾನೆಷ್ಟು ಮಾಡಬೇಕು, ಅವನಿಗೆಷ್ಟು ಬಿಡಬೇಕು?

ವಿಜ್ಞಾನ ಶಿಕ್ಷಕಿಯೊಬ್ಬರು:
ಅವನ ಜ್ವಾಲಾಮುಖಿಯನ್ನು ಕೈಬಿಡಬೇಡಿ. ಅದರೊಳಗೇ ಒಳ್ಳೆಯ ಪ್ರಯೋಗ ಇದೆ.

ಮಾಡೆಲ್ ಅಂದರೆ ಗೊತ್ತಿರುವುದನ್ನು ತೋರಿಸುವುದು. ಪ್ರಯೋಗಕ್ಕೆ ಒಂದು ಪ್ರಶ್ನೆ ಬೇಕು, ಉತ್ತರ ಅಳತೆಯಲ್ಲಿ ಸಿಗಬೇಕು. ಜ್ವಾಲಾಮುಖಿ ಮಾಡೆಲ್‌ನಲ್ಲಿ ನೊರೆ ಉಕ್ಕುವುದು ಅಡುಗೆ ಸೋಡಾ ಮತ್ತು ವಿನೆಗರ್ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟುವುದರಿಂದ. ಅವನನ್ನು ಇಷ್ಟೇ ಕೇಳಿ: "ಸೋಡಾ ಜಾಸ್ತಿ ಹಾಕುತ್ತಾ ಹೋದರೆ ಗಾಳಿನೂ ಜಾಸ್ತಿ ಆಗುತ್ತಲೇ ಹೋಗುತ್ತಾ?" ಅವನಿಗೆ ಏನು ಅನ್ನಿಸುತ್ತದೋ ಅದನ್ನು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆಯಲಿ. ಅದೇ ಅವನ ಊಹೆ.

ಆಮೇಲೆ ಸಣ್ಣ ಪ್ಲಾಸ್ಟಿಕ್ ಬಾಟಲಿಗೆ 50 ಮಿಲಿಲೀಟರ್ ವಿನೆಗರ್ ಹಾಕಿ. ಒಣಗಿದ ಬಲೂನಿನೊಳಗೆ 1 ಗ್ರಾಂ ಸೋಡಾ ಹಾಕಿ, ಅದರ ಬಾಯನ್ನು ಬಾಟಲಿಯ ಬಾಯಿಗೆ ಬಿಗಿಯಾಗಿ ಸಿಕ್ಕಿಸಿ. ಬಲೂನನ್ನು ಎತ್ತಿ ಹಿಡಿದರೆ ಸೋಡಾ ಕೆಳಗೆ ಬೀಳುತ್ತದೆ, ಬಲೂನು ಉಬ್ಬುತ್ತದೆ. ಗುಳ್ಳೆ ನಿಂತ ಮೇಲೆ ಬಲೂನಿನ ಅತಿ ದಪ್ಪ ಜಾಗಕ್ಕೆ ದಾರ ಸುತ್ತಿ, ಆ ದಾರವನ್ನು ಸ್ಕೇಲ್ ಮೇಲೆ ಇಟ್ಟು ಅಳೆಯಲಿ. ಹೀಗೆ 2, 3, 4, 5, 6 ಗ್ರಾಂ. ಒಂದೊಂದು ಅಳತೆಗೂ ಕಡಿಮೆ ಅಂದರೆ ಮೂರು ಸಲ ಮಾಡಿ ಸರಾಸರಿ ತೆಗೆಯಬೇಕು.

ಬದಲಾಗುವುದು ಸೋಡಾ ಒಂದೇ. ವಿನೆಗರ್, ಬಾಟಲಿ, ಬಲೂನಿನ ಸೈಜು ಎಲ್ಲಾ ಒಂದೇ ಇರಬೇಕು. ಇಲ್ಲಿ ಒಂದು ವಿಷಯ ಮಕ್ಕಳಿಗೆ ಹೊಳೆಯುವುದಿಲ್ಲ. ಒಮ್ಮೆ ಉಬ್ಬಿದ ಬಲೂನು ಸಡಿಲ ಆಗಿರುತ್ತದೆ, ಎರಡನೇ ಸಲ ಸುಲಭವಾಗಿ ಉಬ್ಬುತ್ತದೆ. ಹಾಗಾಗಿ ಪ್ರತಿ ಸಲ ಹೊಸ ಬಲೂನು ಬಳಸಿ. ಬಾಟಲಿಯನ್ನೂ ತೊಳೆದು ಒರೆಸಿಡಿ.

ಮುಂದಿನದು ನಿಮಗೆ ಮಾತ್ರ, ಮಗನಿಗೆ ಮೊದಲೇ ಹೇಳಬೇಡಿ. ಸಾಮಾನ್ಯ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಸುಮಾರು ಶೇ. 5 ಇರುತ್ತದೆ. 50 ಮಿಲಿಲೀಟರ್‌ನಲ್ಲಿರುವ ಆಮ್ಲಕ್ಕೆ ಸುಮಾರು 3.5 ಗ್ರಾಂ ಸೋಡಾ ಸಾಕು. ಅದಾದ ಮೇಲೆ ಎಷ್ಟು ಸುರಿದರೂ ಗಾಳಿ ಹೆಚ್ಚುವುದಿಲ್ಲ, ಯಾಕೆಂದರೆ ಆಮ್ಲವೇ ಖಾಲಿ. ಗ್ರಾಫ್ ಮೊದಲು ಏರಿ, ಆಮೇಲೆ ಸಪಾಟಾಗುತ್ತದೆ. ಆ ಜಾಗಕ್ಕೆ ಬಂದಾಗ "ಯಾಕಮ್ಮಾ ನಿಂತುಹೋಯಿತು?" ಅಂತ ಅವನೇ ಕೇಳಬೇಕು. ಇಡೀ ಪ್ರಾಜೆಕ್ಟ್‌ನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆ ಪ್ರಶ್ನೆ. ದಯವಿಟ್ಟು ಅದನ್ನು ಅವನಿಂದ ಕಿತ್ತುಕೊಳ್ಳಬೇಡಿ.

ಬಾಟಲಿಗೆ ಮುಚ್ಚಳ ಮಾತ್ರ ಯಾವತ್ತೂ ಹಾಕಬಾರದು, ಒತ್ತಡಕ್ಕೆ ಸಿಡಿಯಬಹುದು. ಕಣ್ಣಿಗೆ ಕನ್ನಡಕ ಇರಲಿ. ನೀವು ಪಕ್ಕದಲ್ಲೇ ಇರಿ.

ಕೇಳಿದ ತಾಯಿ:
ಬಲೂನು ಅಂದ ಕೂಡಲೇ ಕಣ್ಣರಳಿಸಿದ! ಆದರೆ ನಮ್ಮಲ್ಲಿ ಗ್ರಾಂ ತೂಗುವ ತಕ್ಕಡಿ ಇಲ್ಲ. ಚಮಚದಲ್ಲಿ ಅಳೆದರೆ ನಡೆಯುತ್ತಾ?

ವಿಜ್ಞಾನ ಶಿಕ್ಷಕಿ:
ಧಾರಾಳವಾಗಿ. 5 ಮಿಲಿಲೀಟರ್ ಹಿಡಿಯುವ ಅಳತೆ ಚಮಚದ ಜೊತೆ ಕಾಲು ಚಮಚವೂ ಇರುತ್ತದಲ್ಲ, ಅದನ್ನು ಬಳಸಿ. ತುಂಬಿ, ಸ್ಕೇಲ್‌ನಿಂದ ಮೇಲ್ಭಾಗ ಸವರಿ ಸಮ ಮಾಡಬೇಕು. ಗೋಪುರದ ಹಾಗೆ ತುಂಬಿದರೆ ಪ್ರತಿ ಸಲ ಬೇರೆ ಬೇರೆ ಆಗುತ್ತದೆ. ಗ್ರಾಫ್‌ನಲ್ಲಿ "ಗ್ರಾಂ" ಬದಲು "ಕಾಲು ಚಮಚ" ಅಂತ ಬರೆದರೆ ಆಯಿತು.

ಇಬ್ಬರು ಮಕ್ಕಳ ತಂದೆ:
ನಾನೆಷ್ಟು ಮಾಡಬೇಕು, ಅವನಿಗೆಷ್ಟು ಬಿಡಬೇಕು ಅಂತ ನೀವು ಮೊದಲು ಕೇಳಿದಿರಲ್ಲ, ಅದಕ್ಕೆ ನನ್ನ ಅನುಭವ ಹೇಳುತ್ತೇನೆ. ನಮ್ಮಲ್ಲಿ ಕೆಲಸ ಹೀಗೆ ಹಂಚಿಕೊಂಡೆವು. ಸಾಮಾನು ತರುವುದು, ಬಿಸಿ ಅಥವಾ ಚೂಪಾದ ವಸ್ತು ಮುಟ್ಟುವುದು, ಸ್ಟಾಪ್‌ವಾಚ್ ಹಿಡಿಯುವುದು ನನ್ನದು. ಯೋಚಿಸುವುದು, ಅಳೆಯುವುದು, ಬರೆಯುವುದು ಮಗಳದ್ದು. ಪೆನ್ನು ನನ್ನ ಕೈಗೆ ಬರುತ್ತಲೇ ಇರಲಿಲ್ಲ. ಅವಳ ಅಕ್ಷರ ಸೊಟ್ಟ, ಗ್ರಾಫ್‌ನಲ್ಲಿ ಒರೆಸಿದ ಗುರುತು. ಇರಲಿ ಬಿಡಿ ಅಂದೆ. ಆ ನೋಟ್‌ಬುಕ್ ನೋಡಿಯೇ ಜಡ್ಜ್ ಅವಳ ಜೊತೆ ತುಂಬಾ ಹೊತ್ತು ಮಾತಾಡಿದರು.

ಅವಳದು ಲೋಲಕ, ಅಂದರೆ ದಾರಕ್ಕೆ ತೂಕ ಕಟ್ಟಿ ತೂಗಾಡಿಸುವುದು. ನಿಮ್ಮ ಮಗನ ಬಲೂನು ಪ್ರಯೋಗ ಯಾಕೋ ಕೈಕೊಟ್ಟರೆ ಇದು ಒಂದೇ ದಿನದಲ್ಲಿ ಮುಗಿಯುತ್ತದೆ. ದಾರ 25 ಸೆಂಟಿಮೀಟರ್ ಇದ್ದರೆ ಒಮ್ಮೆ ಹೋಗಿ ಬರಲು ಸುಮಾರು 1 ಸೆಕೆಂಡ್. 100 ಸೆಂಟಿಮೀಟರ್ ಇದ್ದರೆ ಸುಮಾರು 2. ಉದ್ದ ನಾಲ್ಕು ಪಟ್ಟಾದರೂ ಸಮಯ ಎರಡೇ ಪಟ್ಟು! ಒಂದೊಂದೇ ಓಲಾಟ ಅಳೆಯಬಾರದು. ಸ್ಟಾಪ್‌ವಾಚ್ ಒತ್ತುವಾಗಲೇ ಸೆಕೆಂಡಿನ ಐದನೇ ಒಂದು ಭಾಗ ಆಚೀಚೆ ಆಗಿಬಿಡುತ್ತದೆ. ಹತ್ತು ಓಲಾಟದ ಸಮಯ ತೆಗೆದು ಹತ್ತರಿಂದ ಭಾಗಿಸಿದರೆ ಆ ತಪ್ಪೂ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ತೂಕ ಬದಲಿಸಿಯೂ ನೋಡಬಹುದು, ಸಮಯ ಬದಲಾಗುವುದಿಲ್ಲ. ಆದರೆ ನಟ್‌ಗಳನ್ನು ಒಂದರ ಕೆಳಗೊಂದು ಕಟ್ಟುತ್ತಾ ಹೋದರೆ ಲೋಲಕದ ಉದ್ದವೇ ಹೆಚ್ಚಿ, ತೂಕದಿಂದ ಸಮಯ ಬದಲಾಯಿತು ಅಂತ ಅನ್ನಿಸಿಬಿಡುತ್ತದೆ. ಎಲ್ಲವನ್ನೂ ಒಂದೇ ಮಟ್ಟದಲ್ಲಿ ಕಟ್ಟಿ. ಉದ್ದವನ್ನು ದಾರ ನೇತುಹಾಕಿದ ಜಾಗದಿಂದ ತೂಕದ ನಡುಭಾಗದವರೆಗೆ ಅಳೆಯಿರಿ.

ಕೇಳಿದ ತಾಯಿ:
ಇನ್ನೊಂದು ಭಯ. ಅವನ ಊಹೆ ತಪ್ಪಾದರೆ? "ಗಾಳಿ ಜಾಸ್ತಿ ಆಗುತ್ತಲೇ ಹೋಗುತ್ತದೆ" ಅಂತ ಬರೆದಿದ್ದಾನೆ.

ಮೇಳಗಳಲ್ಲಿ ಜಡ್ಜ್ ಆಗಿ ಕೂತವರೊಬ್ಬರು:
ಹಾಗೇ ಬಿಡಿ, ತಿದ್ದಿಸಬೇಡಿ. ಊಹೆ ತಪ್ಪಾಯಿತು ಅಂತ ನಾನು ಅಂಕ ಕಡಿಮೆ ಮಾಡುವುದಿಲ್ಲ. "ನಾನು ಹೀಗಂದುಕೊಂಡೆ, ಅಳೆದು ನೋಡಿದರೆ ಹೀಗಾಯಿತು, ಇದಕ್ಕೆ ಕಾರಣ ಇದಿರಬಹುದು" ಅಂತ ಮಗು ಹೇಳಿದರೆ ನನಗೆ ಬೇಕಾದದ್ದು ಸಿಕ್ಕಿತು. ಬಾಯಿಪಾಠ ಮಾಡಿದ ಮಕ್ಕಳು ನಡುವೆ ಒಂದು ಪ್ರಶ್ನೆ ಕೇಳಿದರೆ ಮೊದಲಿನಿಂದ ಶುರು ಮಾಡುತ್ತಾರೆ. ನೋಡಿದರೆ ಪಾಪ ಅನ್ನಿಸುತ್ತದೆ. ಅದಕ್ಕೇ ಭಾಷಣ ಬರೆದುಕೊಡಬೇಡಿ. ಸುಮ್ನೆ ಎದುರು ಕೂತು ಕೇಳಿ: ಯಾಕೆ ಮೂರು ಸಲ ಮಾಡಿದೆ? ಒಂದು ಅಳತೆ ಯಾಕೆ ಬೇರೆ ಬಂತು? ಇನ್ನೊಮ್ಮೆ ಮಾಡಿದರೆ ಏನು ಬದಲಿಸುತ್ತೀ?

ಸರಿ ಹೊಂದದ ಅಳತೆಯನ್ನು ಅಳಿಸಬಾರದು. ಬಲೂನು ಸೋರಿದ್ದರೆ "ಸೋರಿತು" ಅಂತ ಪಕ್ಕದಲ್ಲಿ ಬರೆದು, ಇನ್ನೊಮ್ಮೆ ಮಾಡಲಿ.

ಗ್ರಾಫ್‌ನಲ್ಲಿ ಸೋಡಾ ಕೆಳಗಿನ ಅಡ್ಡ ಗೆರೆಗೆ, ಬಲೂನಿನ ಸುತ್ತಳತೆ ನೇರ ಗೆರೆಗೆ. ಮೇಳದ ದಿನ ಬಲೂನು ಉಬ್ಬಿಸಿ ತೋರಿಸಲು ಬಿಡುತ್ತಾರಾ ಅಂತ ಟೀಚರ್ ಹತ್ತಿರ ಈಗಲೇ ಕೇಳಿ. ಬಿಡುವುದಿಲ್ಲ ಅಂದರೆ ಪ್ರಯೋಗ ಮಾಡುವಾಗಲೇ ಆರೂ ಅಳತೆಯ ಬಲೂನುಗಳ ಫೋಟೊ ಒಂದೇ ದೂರದಿಂದ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಸ್ಕೇಲ್ ಕಾಣುವ ಹಾಗೆ.