ಡ್ರೈವ್ ‘ಔಟ್‌ಪುಟ್ ಫೇಸ್ ಲಾಸ್’ ಅಂತ ನಿಲ್ಲುತ್ತಿದೆ, ಎಲ್ಲಿಂದ ಹುಡುಕಲಿ?

ಬ್ಯಾಡಗಿಯಿಂದ ಪ್ರಶ್ನೆ: ನಮ್ಮದು ಮೆಣಸಿನಕಾಯಿ ಪುಡಿ ಮಾಡುವ ಯೂನಿಟ್. ಪಲ್ವರೈಜರ್‌ಗೆ 15 ಎಚ್‌ಪಿ ಮೋಟರ್, ಅದಕ್ಕೆ ವಿಎಫ್‌ಡಿ (ಮೋಟರ್ ವೇಗ ಹೊಂದಿಸುವ ಡ್ರೈವ್) ಇದೆ. ಗಂಟೆಗಟ್ಟಲೆ ಚೆನ್ನಾಗಿ ಓಡಿ, ಇದ್ದಕ್ಕಿದ್ದಂತೆ ಔಟ್‌ಪುಟ್ ಫೇಸ್ ಲಾಸ್ (ಮೋಟರ್‌ಗೆ ಹೋಗುವ ಮೂರು ಫೇಸ್‌ಗಳಲ್ಲಿ ಒಂದು ಇಲ್ಲ) ಅಂತ ತೋರಿಸಿ ನಿಲ್ಲುತ್ತದೆ. ರಿಸೆಟ್ ಒತ್ತಿದರೆ ಮತ್ತೆ ಓಡುತ್ತದೆ. ಮೀಟರ್ ಹಿಡಿದರೆ ವೈಂಡಿಂಗ್ ಸರಿ ಇದೆ. ಪ್ಯಾರಾಮೀಟರ್‌ನಲ್ಲಿ ಆ ಪ್ರೊಟೆಕ್ಷನ್ ಆಫ್ ಮಾಡಿ ಅಂತಾರೆ. ಮಾಡಬಹುದಾ?

ತಾರಿಹಾಳ, ಹುಬ್ಬಳ್ಳಿ (ಮೇಂಟೆನೆನ್ಸ್): ದಯವಿಟ್ಟು ಆಫ್ ಮಾಡಬೇಡಿ ಸರ್. ಒಂದು ಫೇಸ್ ಹೋದರೆ ಉಳಿದ ಎರಡರಲ್ಲಿ ಕರೆಂಟ್ ಏರುತ್ತದೆ, ಮೋಟರ್ ಕಾದು ವೈಂಡಿಂಗ್ ಸುಡುತ್ತದೆ. ಡ್ರೈವ್ ಮೂರೂ ವೈರಿನ ಕರೆಂಟ್ ನೋಡುತ್ತಿರುತ್ತದೆ. ಒಂದರಲ್ಲಿ ಅದು ಸೊನ್ನೆಯ ಹತ್ತಿರ ಇಳಿದರೆ ಟ್ರಿಪ್ ಮಾಡುತ್ತದೆ.

ರಿಸೆಟ್ ಮಾಡಿದರೆ ಓಡುತ್ತದೆ ಅಂದರೆ ವೈರ್ ಪೂರ್ತಿ ಕಡಿದಿಲ್ಲ, ಎಲ್ಲೋ ಕಾಂಟ್ಯಾಕ್ಟ್ ಬಿಟ್ಟು ಹಿಡಿಯುತ್ತಿದೆ. ಪಲ್ವರೈಜರ್ ಅಂದಮೇಲೆ ಅದುರುವಿಕೆ ಇದ್ದೇ ಇರುತ್ತದೆ ಅಲ್ವಾ? ಮೋಟರ್ ನಿಂತಾಗ ಮೀಟರ್ ಹಿಡಿದರೆ ಎಲ್ಲ ಸರಿಯೇ ಕಾಣುತ್ತದೆ. ಮೇನ್ ಆಫ್ ಮಾಡಿ, ಡ್ರೈವ್ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಡಿಸಿ ಬಸ್ (ಡ್ರೈವ್ ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿಯುವ ವೋಲ್ಟೇಜ್) ಇಳಿದಿದೆಯಾ ಅಳೆದು ನೋಡಿ. ಆಮೇಲೆ ಡ್ರೈವ್‌ನಿಂದ ಮೋಟರ್‌ಗೆ ಹೋಗುವ ಯು, ವಿ, ಡಬ್ಲ್ಯು ವೈರ್‌ಗಳನ್ನು ಬಿಚ್ಚಿ, ಕೇಬಲ್‌ನ ಈ ತುದಿಯಲ್ಲಿ ಮೀಟರ್ ಹಿಡಿಯಿರಿ. ಅದೇ ಹೊತ್ತಿಗೆ ಇನ್ನೊಬ್ಬರು ಮೋಟರ್ ಹತ್ತಿರ ಕೇಬಲ್ ಅಲುಗಾಡಿಸಲಿ.

ನಾನು ಬಿಚ್ಚಿದ ಒಂದು ಟರ್ಮಿನಲ್ ಬಾಕ್ಸ್‌ನಲ್ಲಿ ನಟ್ ಬಿಗಿಯಾಗಿತ್ತು, ಲಗ್ (ವೈರ್ ತುದಿಗೆ ಒತ್ತಿದ ಲೋಹದ ಬಳೆ) ಹೊಳೆಯುತ್ತಿತ್ತು. ಲಗ್ ಹಿಂದಿನ ಸ್ಲೀವ್ ಮಾತ್ರ ಸ್ವಲ್ಪ ಕಂದು ತಿರುಗಿತ್ತು. ಕೈಯಿಂದ ಎಳೆದರೆ ವೈರ್ ಕಿತ್ತು ಬಂತು. ಒಳಗಿನ ಎಳೆಗಳೆಲ್ಲ ತುಂಡಾಗಿದ್ದವು, ಸ್ಲೀವ್ ಒಂದೇ ಹಿಡಿದಿತ್ತು. ನಿಮ್ಮಲ್ಲಿ ಮೊದಲು ಅಲ್ಲೇ ನೋಡಿ.

ಗದಗ (ಜಿನ್ನಿಂಗ್ ಮಿಲ್): ಡ್ರೈವ್ ಮತ್ತು ಮೋಟರ್ ನಡುವೆ ಐಸೋಲೇಟರ್ ಅಥವಾ ಕಂಟ್ಯಾಕ್ಟರ್ (ಲೈನ್ ಸೇರಿಸಿ ಬಿಡಿಸುವ ಸ್ವಿಚ್‌ಗಳು) ಇದ್ದರೆ ಅದರ ಪಾಯಿಂಟ್‌ಗಳನ್ನೂ ನೋಡಿ. ನಾನು ಯಾವಾಗಲೂ ನಂಬುವುದು ವೈರ್ ಅದಲುಬದಲನ್ನು. ಡ್ರೈವ್ ಕಡೆ ಯು, ವಿ ಎರಡನ್ನು ಬದಲಿಸಿ. ತೊಂದರೆ ಯುನಿಂದ ವಿಗೆ ಹೋದರೆ ದೋಷ ಕೇಬಲ್ ಅಥವಾ ಮೋಟರ್‌ನದು. ಯುನಲ್ಲೇ ಉಳಿದರೆ ಡ್ರೈವ್‌ನದು: ಐಜಿಬಿಟಿ (ಕರೆಂಟ್ ಸ್ವಿಚ್ ಮಾಡುವ ಟ್ರಾನ್ಸಿಸ್ಟರ್), ಅದನ್ನು ನಡೆಸುವ ಗೇಟ್ ಕಾರ್ಡ್ ಅಥವಾ ಕರೆಂಟ್ ಸೆನ್ಸರ್. ಕೆಲವು ಡ್ರೈವ್‌ಗಳು ಯಾವ ಫೇಸ್ ಅಂತಲೂ ಹೇಳುತ್ತವೆ. ಡ್ಯಾನ್‌ಫಾಸ್ ಕಂಪನಿಯ ವಿಎಲ್‌ಟಿ ಡ್ರೈವ್‌ನಲ್ಲಿ ಅಲಾರ್ಮ್ 30 ಬಂದರೆ ಯು, 31 ವಿ, 32 ಡಬ್ಲ್ಯು. ವೈರ್ ಬದಲಿಸಿದರೆ ಮೋಟರ್ ಉಲ್ಟಾ ತಿರುಗುತ್ತದೆ, ಬೆಲ್ಟ್ ಕಳಚಿಯೇ ಓಡಿಸಿ. ಬೆಲ್ಟ್ ಇಲ್ಲದೆ ಟ್ರಿಪ್ ಆಗದಿದ್ದರೆ ಗೆದ್ದೆವು ಅಂದುಕೊಳ್ಳಬೇಡಿ, ಅದುರುವಿಕೆ ಇಲ್ಲದ್ದಕ್ಕೂ ಹಾಗಾಗಬಹುದು.

ಧಾರವಾಡ (ರಿವೈಂಡಿಂಗ್ ಅಂಗಡಿ): 15 ಎಚ್‌ಪಿ ಸಾಮಾನ್ಯವಾಗಿ ಡೆಲ್ಟಾ (ಮೂರು ವೈಂಡಿಂಗ್ ತ್ರಿಕೋನದಂತೆ ಜೋಡಿಸಿದ್ದು) ಇರುತ್ತದೆ. ಟರ್ಮಿನಲ್‌ಗಳ ಮೂರು ಜೋಡಿಯ (ಯು-ವಿ, ವಿ-ಡಬ್ಲ್ಯು, ಡಬ್ಲ್ಯು-ಯು) ಓಮ್ ಅಳೆದಾಗ ಎರಡು ಸಮ ಬಂದು ಮೂರನೆಯದು ದುಪ್ಪಟ್ಟು ಬಂದರೆ ಒಂದು ವೈಂಡಿಂಗ್ ಕಡಿದಿದೆ, ಇಲ್ಲವೇ ಲಿಂಕ್ ಪಟ್ಟಿ ಸಡಿಲ. ಆಗ ಯಾವ ಲೈನೂ ಸೊನ್ನೆಗೆ ಇಳಿಯುವುದಿಲ್ಲ, ಹಾಗಾಗಿ ಡ್ರೈವ್ ಗುರುತಿಸದೆಯೂ ಇರಬಹುದು. ಸ್ಟಾರ್‌ನಲ್ಲಿ (ಮೂರರ ಒಂದೊಂದು ತುದಿ ಒಂದೇ ಕಡೆ ಸೇರಿದ್ದು) ಕಡಿದರೆ ಎರಡು ಜೋಡಿ ಪೂರ್ತಿ ಓಪನ್ ತೋರಿಸುತ್ತವೆ. ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ಹಾಕುವ ಮುಂಚೆ ಕೇಬಲ್ ಡ್ರೈವ್‌ನಿಂದ ಬಿಚ್ಚಿರಲೇಬೇಕು, ಇಲ್ಲದಿದ್ದರೆ ಐಜಿಬಿಟಿ ಹೋಗುತ್ತದೆ.