ಸಹಾಯ ಬೇಕು: ಹಸಿ ತರಕಾರಿ ಸೂಪ್ ನುಣ್ಣಗೆ ಬರುತ್ತಿಲ್ಲ

ಒಲೆ ಹಚ್ಚದೆ ಹಸಿ ತರಕಾರಿಯಲ್ಲೇ ಕೆನೆಯಂಥ ಸೂಪ್ ಮಾಡೋಣ ಅಂತ ಮೂರು ಸಲ ನೋಡಿದೆ, ಮೂರು ಸಲವೂ ತರಿತರಿಯಾಗಿಯೇ ಬಂತು. 2 ಸೌತೆಕಾಯಿ, 1 ಕ್ಯಾರೆಟ್, ಅರ್ಧ ಬೆಣ್ಣೆಹಣ್ಣು, 4 ಗಂಟೆ ನೆನೆಸಿದ ಒಂದು ಹಿಡಿ ಗೋಡಂಬಿ, ನಿಂಬೆರಸ, ಉಪ್ಪು, ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಹಾಕುತ್ತೇನೆ. ರುಚಿ ಚೆನ್ನಾಗಿದೆ. ಆದರೆ ಕ್ಯಾರೆಟ್ ಚೂರು ನಾಲಿಗೆಗೆ ಸಿಗುತ್ತದೆ, ಹತ್ತು ನಿಮಿಷ ಬಿಟ್ಟರೆ ಬಟ್ಟಲಲ್ಲಿ ನೀರೇ ಬೇರೆ, ತಿರುಳೇ ಬೇರೆ. ಜಾಸ್ತಿ ಹೊತ್ತು ರುಬ್ಬಿದರೆ ಜಾರ್ ಕಾದು ಸೂಪೂ ಬೆಚ್ಚಗಾಗುತ್ತದೆ, ಆಮೇಲೆ ಹಸಿ ಸೂಪ್ ಅನ್ನುವುದು ಹೇಗೆ ಅಲ್ವಾ? ಮೊದಲು ಗೋಡಂಬಿಯನ್ನು ಸ್ವಲ್ಪವೇ ನೀರಲ್ಲಿ ರುಬ್ಬಿಕೊಂಡು ಆಮೇಲೆ ತರಕಾರಿ ಹಾಕಬೇಕಾ? ಕ್ಯಾರೆಟ್ ತುರಿದು ಹಾಕಿದರೆ ಸರಿಹೋಗುತ್ತದಾ? ಸೋಸಲು ಮನಸ್ಸಿಲ್ಲ, ನಾರೆಲ್ಲ ಹೋಗಿಬಿಡುತ್ತದೆ. ಅಮ್ಮನಿಗೆ ಹಲ್ಲುನೋವು, ಅಗಿಯಲು ಆಗುತ್ತಿಲ್ಲ, ಅವರಿಗಾಗಿಯೇ ಇದು. ಮಾಡಿ ನೋಡಿದವರು ದಯವಿಟ್ಟು ಹೇಳಿ.